ಹವಾಲ್ದಾರ್ ಚನ್ನವೀರಪ್ಪನ ಬಸ್ಸು, ಬಂದೂಕು

ಬೆಳಗಿನ ಹೊತ್ತು ಮಾದನಾಯಕನಹಳ್ಳಿಯ ಕಡೆಯಿಂದ ಮೆಜೆಸ್ಟಿಕ್ಕಿಗೆ ಹೋಗುವ ಬಿಟಿಎಸ್ ಬಸ್ಸಿನಲ್ಲಿ ಉಸಿರಾಡುವುದಕ್ಕೂ ಪಕ್ಕದವರ ಅಪ್ಪಣೆ ಬೇಕಿದ್ದ ಕಾಲ ಅದು. ಕಾಲಿಡಲು ಜಾಗವಿಲ್ಲದ ಆ ಬಸ್ಸಿನಲ್ಲೂ ಒಬ್ಬ ಮನುಷ್ಯನಿಗೆ ಮಾತ್ರ ದಿನಾ ಸೀಟು ಸಿಗುತ್ತಿತ್ತು. ಆತ ಮಂತ್ರಿಯಲ್ಲ, ಮಂತ್ರಿಯ ಭಾವಮೈದುನನೂ ಅಲ್ಲ. ಹೆಸರು ಹವಾಲ್ದಾರ್ ಚನ್ನವೀರಪ್ಪ, ಬ್ಯಾಡಗಿ ಕಡೆಯವ, ಸೈನ್ಯದಿಂದ ರಿಟೈರಾಗಿ ಬಂದು ಪೀಣ್ಯ ಎರಡನೇ ಹಂತದ ಒಂದು ಬ್ಯಾಂಕಿನ ಬಾಗಿಲಲ್ಲಿ ಗನ್‌ಮ್ಯಾನ್ ಆಗಿದ್ದ. ಅವನ ಜೊತೆಗೆ ಅವನ ಸ್ವಂತ ಜೋಡುನಳಿಗೆ ಬಂದೂಕೂ ದಿನಾ ಬಸ್ಸು ಹತ್ತುತ್ತಿತ್ತು. ಬಂದೂಕು ಹತ್ತಿದರೆ ಮುಂಬಾಗಿಲ ಪಕ್ಕದ ಸೀಟು ತಾನಾಗಿಯೇ ಖಾಲಿಯಾಗುತ್ತಿತ್ತು. ಪಕ್ಕದ ಸೀಟೂ ಖಾಲಿಯಾಗುತ್ತಿತ್ತು ಅನ್ನಿ, ಅದು ಬೇರೆ ಮಾತು.

ಸಿನಿಮಾದ ಡಕಾಯಿತರ ಹಾಗೆ ಹೆಗಲಿಗೆ ನೇತುಹಾಕಿಕೊಂಡು ಬರುತ್ತಿದ್ದ ಅಂದುಕೊಳ್ಳಬೇಡಿ. ಚನ್ನವೀರಪ್ಪ ಕಾಯಿದೆಯ ಮನುಷ್ಯ. ಮನೆಯಲ್ಲಿ ಬಂದೂಕನ್ನು ಮಡಚಿ, ಎರಡು ನಳಿಗೆಯೂ ಖಾಲಿ ಎಂದು ಮೊದಲು ಕಣ್ಣಿಟ್ಟು ನೋಡಿ, ಕಣ್ಣನ್ನು ನಂಬದೆ ಬೆರಳಿಟ್ಟು ನೋಡಿ, ಹೆಂಡತಿ ಗೌರಮ್ಮ ಹೊಲಿದುಕೊಟ್ಟ ಖಾಕಿ ಕ್ಯಾನ್ವಾಸ್ ಚೀಲಕ್ಕೆ ಇಳಿಸಿ ಬಾಯಿಗೆ ಲಾಡಿ ಬಿಗಿಯುತ್ತಿದ್ದ. ತೋಟಾಗಳೆಲ್ಲ ಬೇರೆಯಾಗಿ ಸೊಂಟದ ಪಟ್ಟಿಯಲ್ಲಿ. ಲೈಸೆನ್ಸ್ ಪುಸ್ತಕ ಪ್ಲಾಸ್ಟಿಕ್ ಕವರಿನೊಳಗೆ, ಕವರು ಎದೆ ಜೇಬಿನೊಳಗೆ, ಜೇಬಿಗೆ ಗುಂಡಿ. ರಾತ್ರಿ ಬಂದೂಕನ್ನು ಬ್ಯಾಂಕಿನಲ್ಲೇ ಬಿಟ್ಟು ಬರಬಾರದೇ ಎಂದು ಯಾರಾದರೂ ಕೇಳಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಲೈಸೆನ್ಸ್ ಇರುವುದು ಅವನ ಹೆಸರಿಗೆ. ಬಂದೂಕು ಇದ್ದರೆ ಅವನ ಕೈಯಲ್ಲಿರಬೇಕು, ಇಲ್ಲವೇ ಅವನ ಮನೆಯ ಬೀರುವಿನಲ್ಲಿ ಬೀಗದೊಳಗಿರಬೇಕು. ಮೂರನೆಯ ಜಾಗ ಇಲ್ಲ.

ಗೌರಮ್ಮನಿಗೆ ಇದೆಲ್ಲ ನೋಡಿ ನೋಡಿ ಸಾಕಾಗಿತ್ತು. “ಲಗ್ನಾಗಿ ಇಷ್ಟ್ ವರ್ಷಾತು, ಒಂದಿನಾ ನನ್ನ ಕೈ ಹಿಡದು ಬಸ್ ಹತ್ತಿಸಿಲ್ಲ. ಆ ಸವತೀನ್ನ ಮಾತ್ರ ಎದಿಗೆ ಅವಚಿಗೊಂಡು ಹೊಕ್ಕೀರಿ ನೋಡ್ರಿ,” ಎಂದು ಬಾಗಿಲಲ್ಲಿ ನಿಂತು ಚುಚ್ಚುತ್ತಿದ್ದಳು.

“ಸವತಿ ಅನಬ್ಯಾಡ. ಅನ್ನ ಹಾಕೂ ತಾಯಿ ಅಕಿ,” ಎನ್ನುತ್ತಿದ್ದ ಚನ್ನವೀರಪ್ಪ.

ಅದು ಡೌಲಿನ ಮಾತಾಗಿರಲಿಲ್ಲ. ಪೀಣ್ಯದಲ್ಲಿ ಕಾವಲು ಕೆಲಸಕ್ಕೇನೂ ಬರವಿರಲಿಲ್ಲ, ಆದರೆ ಸ್ವಂತ ಲೈಸೆನ್ಸ್ ಬಂದೂಕು ಇದ್ದವನು ಗನ್‌ಮ್ಯಾನ್, ಇಲ್ಲದವನು ಬರೀ ವಾಚ್‌ಮ್ಯಾನ್. ಗನ್‌ಮ್ಯಾನ್‌ಗೆ ಬ್ಯಾಂಕಿನ ನೆರಳು, ಹಬ್ಬಕ್ಕೆ ಬಟ್ಟೆ, ಆಯುಧಪೂಜೆಯ ದಿನ ಕ್ಯಾಲ್ಕುಲೇಟರು ಟೈಪ್‌ರೈಟರುಗಳ ಸಾಲಿನಲ್ಲಿ ಬಂದೂಕಿಗೂ ವಿಭೂತಿ, ಹೂವು, ಮಂಗಳಾರತಿ. ವಾಚ್‌ಮ್ಯಾನ್‌ಗೆ ಬಿಸಿಲು, ಧೂಳು, ಲಾರಿ ಡ್ರೈವರುಗಳ ಬೈಗುಳ. ಇದಕ್ಕೆ ಸಾಕ್ಷಿ ಬೇಕಿದ್ದರೆ ನಿಂಗಪ್ಪ ಇದ್ದ, ಚನ್ನವೀರಪ್ಪನ ಪಲ್ಟನ್ನಿನವನೇ. ಇನ್ನೊಂದು ಬ್ಯಾಂಕಿನಲ್ಲಿ ಗನ್‌ಮ್ಯಾನ್ ಆಗಿದ್ದವನು ಒಂದು ದಿನ ಹೋಟೆಲಿನಲ್ಲಿ ಕೈತೊಳೆಯಲು ಹೋಗುವಾಗ ಬಂದೂಕನ್ನು ಟೇಬಲ್ಲಿಗೆ ಒರಗಿಸಿಟ್ಟು ಹೋಗಿದ್ದ. ಕೈ ಒರೆಸಿಕೊಂಡು ಬರುವಷ್ಟರಲ್ಲಿ ಯಾವನೋ ಪುಣ್ಯಾತ್ಮ ಅದನ್ನು ಪೊಲೀಸ್ ಸ್ಟೇಷನ್ನಿಗೆ ಮುಟ್ಟಿಸಿಬಿಟ್ಟಿದ್ದ. ಬಂದೂಕು ಹೋಯಿತು, ಅದರ ಹಿಂದೆ ಲೈಸೆನ್ಸ್ ಹೋಯಿತು, ಅದರ ಹಿಂದೆ ಕೆಲಸ ಹೋಯಿತು. ಈಗ ನಿಂಗಪ್ಪ ಲಾರಿ ತೂಗುವ ಒಂದು ವೇಬ್ರಿಡ್ಜಿನ ಮುಂದೆ ಸೀಟಿ ಊದುತ್ತ ಲಾರಿಗಳಿಗೆ ಕೈ ಬೀಸುತ್ತಿದ್ದ. ಅವನನ್ನು ಕಂಡಾಗಲೆಲ್ಲ ಚನ್ನವೀರಪ್ಪನ ಕೈ ತಾನಾಗಿಯೇ ಚೀಲದ ಲಾಡಿಯ ಮೇಲೆ ಹೋಗುತ್ತಿತ್ತು.

ಬಸ್ಸಿನವರು ಬಂದೂಕನ್ನು ಒಪ್ಪಿಕೊಂಡದ್ದೇ ಒಂದು ಕಥೆ. ಕಂಡಕ್ಟರ್ ರಾಮಯ್ಯ ಮೊದಲ ದಿನವೇ ಅಡ್ಡ ನಿಂತ.

“ಲಗೇಜ್ ಟಿಕೆಟ್ ತಗೊಳ್ಳಿ ಸಾರ್.”

“ಲಗೇಜ್ ಅಂದ್ರ ಮೂಟಿ, ಟ್ರಂಕು. ಇದು ಹತ್ಯಾರ್‍ರೀ.”

“ಹತ್ಯಾರ ಆದ್ರೆ ಬಸ್ಸಿಗೇ ಹತ್ತಂಗಿಲ್ಲ, ಇಳೀರಿ.”

“ಲೈಸೆನ್ಸ್ ಐತಿ, ತೋಟಾ ಹಾಕಿಲ್ಲ, ಚೀಲದಾಗೈತಿ. ಕಾಯಿದೆ ಪ್ರಕಾರ ಒಯ್ಯಾಕ ಬರ್ತೈತಿ. ಬೇಕಾದ್ರ ಲಗೇಜ್ ಅಂತ ತಿಳ್ಕೋರಿ.”

“ಅದನ್ನೇ ನಾನೂ ಹೇಳಿದ್ದು, ಟಿಕೆಟ್ ತಗೊಳ್ಳಿ!”

ಇದು ಹೀಗೇ ಗಾಣದೆತ್ತಿನಂತೆ ಸುತ್ತುತ್ತಿರಲು, ಬಸ್ಸಿಗೆ ಬಸ್ಸೇ ಬಿಟ್ಟಿ ನಾಟಕ ಸಿಕ್ಕಿತೆಂದು ಖುಷಿಪಡುತ್ತಿರಲು, ಹೆಂಗಸರ ಮೊದಲ ಸೀಟಿನಿಂದ ಒಂದು ಗಂಟಲು ಎದ್ದಿತು. “ಲೋ ರಾಮಯ್ಯ, ವಯಸ್ಸಾದೋರ ಊರುಗೋಲ್ಗೂ ಟಿಕೇಟ್ ಅರೀತೀಯೇನ್ಲಾ? ಓಗು, ಇಂದ್ಕೋಗು. ನಂಗೆ ಯಾಪಾರಕ್ಕೆ ವೊತ್ತಾಯ್ತು!”

ಅದು ಸಿದ್ದಕ್ಕ. ಮಾದಾವರದಲ್ಲಿ ಹೂವಿನ ಪುಟ್ಟಿ ಹೊತ್ತು ಬಸ್ಸು ಹತ್ತಿ, ಜಾಲಹಳ್ಳಿ ಕ್ರಾಸಿನಲ್ಲಿ ಇಳಿದು, ಆಂಜನೇಯನ ಗುಡಿಯ ಮುಂದೆ ಗೋಣಿತಾಟು ಹಾಸಿ ಹೂವು ಮಾರುವವಳು. ಅವಳು ಬಾಯಿಬಿಟ್ಟಳೆಂದರೆ ಆಯಿತು, ಡ್ರೈವರನೂ ಹಿಂತಿರುಗಿ ನೋಡುತ್ತಿದ್ದ. ರಾಮಯ್ಯ ಗೊಣಗುತ್ತ ಹಿಂದಕ್ಕೆ ಹೋದವನು ಮತ್ತೆಂದೂ ಆ ಮಾತು ಎತ್ತಲಿಲ್ಲ.

ಬೆಂಗಳೂರಿನ ಬಸ್ಸಿನಲ್ಲಿ ಒಂದು ಪದ್ಧತಿಯಿದೆ, ನಿಮಗೂ ಗೊತ್ತಿರಬಹುದು. ನಿಂತವರು ಕೈಚೀಲವನ್ನು ಕೂತವರ ಮಡಿಲಿಗೆ ಹಾಕುತ್ತಾರೆ. ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ. “ಸ್ವಲ್ಪ ಇಟ್ಕೊಳ್ಳಿ” ಅಂದರೆ ಮುಗಿಯಿತು. ಇಳಿಯುವಾಗ ಕೊಟ್ಟವರ ಕೈಗೇ ಅದು ಮರಳಬೇಕು. ಆ ಬಸ್ಸಿನ ಅರ್ಧ ಸಾಮಾನು ಸಿದ್ದಕ್ಕನ ಮಡಿಲಲ್ಲಿ ಪ್ರಯಾಣ ಮಾಡುತ್ತಿತ್ತು. ಗಾರ್ಮೆಂಟ್ಸ್ ಹುಡುಗಿಯರ ಊಟದ ಡಬ್ಬಿ, ಐಟಿಐ ಓದುವವರ ಡ್ರಾಯಿಂಗ್ ಬೋರ್ಡು, ಕೆಲವೊಮ್ಮೆ ಯಾರದೋ ಕೂಸು. ಪುಟ್ಟಿ ಕಾಲಬುಡದಲ್ಲಿ, ಲೋಕವೆಲ್ಲ ತೊಡೆಯ ಮೇಲೆ. ಒಂದು ಡಬ್ಬಿಯೂ ಆಚೀಚೆಯಾದದ್ದಿಲ್ಲ.

ಬಸುರಿಯೋ ಬಾಣಂತಿಯೋ ಹತ್ತಿದರೆ ಚನ್ನವೀರಪ್ಪ ಎದ್ದು ಸೀಟು ಬಿಡುತ್ತಿದ್ದ. ಆಮೇಲೆ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಬಂದೂಕು, ಪ್ರತಿ ಬ್ರೇಕಿಗೂ ತಾಂಡವ. ಸಿದ್ದಕ್ಕ ಕೈ ಚಾಚುತ್ತಿದ್ದಳು. “ಕೊಡಿ ಇತ್ಲಾಗೆ. ನಾನೇನು ಉಡಾಯ್ಸ್‌ಬುಡ್ತೀನಾ?”

“ಬ್ಯಾಡ್ರೀ ಯವ್ವಾ. ಇದನ್ನ ಇನ್ನೊಬ್ರ ಕೈಗೆ ಕೊಡೂಹಂಗಿಲ್ಲ, ಕಾಯಿದೆ ಐತಿ.”

“ನಿಮ್ ಕಾಯ್ದೆಗೆ ಬೆಂಕಿ ಬೀಳ. ಸೊಂಟ ಮುರ್ಕಂಡ್ರೆ ಕಾಯ್ದೆ ಬಂದು ಬೆಣ್ಣೆ ತಿಕ್ತದಾ?”

ಬಸ್ಸೆಲ್ಲ ನಗುತ್ತಿತ್ತು, ಚನ್ನವೀರಪ್ಪನೂ ಮೀಸೆಯಲ್ಲೇ ನಗುತ್ತಿದ್ದ. ಆದರೆ ಬಂದೂಕು ಮಾತ್ರ ಅವನ ಕೈ ಬಿಡುತ್ತಿರಲಿಲ್ಲ. ಒಂದೇ ಒಂದು ದಿನ ಬಿಟ್ಟಿತು.

ಅದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಬಸ್ಸಿನ ತುಂಬ ಬಾಳೆಕಂದು, ಮಾವಿನಸೊಪ್ಪು, ಮನುಷ್ಯರು. ಎಂಟನೇ ಮೈಲಿ ಸ್ಟಾಪಿಗೆ ಇನ್ನೂ ತುಸು ದೂರವಿರುವಾಗ ಬಸ್ಸು ಒಂದು ಸಲ ಕೆಮ್ಮಿ, ಎರಡು ಸಲ ನಡುಗಿ, ನಿಂತೇಬಿಟ್ಟಿತು. ರಾಮಯ್ಯ ಸೀಟಿ ಊದಿದ. “ಗಂಡಸ್ರೆಲ್ಲ ಇಳೀರಪ್ಪಾ, ಒಂದೊಂದು ಕೈ ಹಾಕಿ!”

ಇದೇನೂ ಹೊಸದಲ್ಲ. ಟಿಕೆಟ್ ಕೊಂಡು ಬಸ್ಸು ತಳ್ಳುವ ಭಾಗ್ಯ ಆ ಕಾಲದಲ್ಲಿ ಎಲ್ಲರಿಗೂ ಇತ್ತು. ಗಂಡಸರು ಬೈಯುತ್ತಲೇ ಇಳಿದರು. ಚನ್ನವೀರಪ್ಪ ಕೂತೇ ಇದ್ದ. ತಳ್ಳಿದರು, ಬಸ್ಸು ಅಲುಗಲಿಲ್ಲ. ಮತ್ತೆ ತಳ್ಳಿದರು, ಅಲುಗಿ ಮತ್ತೆ ನಿಂತಿತು. ಹಿಂದಿನಿಂದ ಯಾರೋ ಕೂಗಿದರು: “ಇನ್ನೊಂದ್ ಕೈ ಇದ್ದಿದ್ರೆ ಹೊರಡ್ತಿತ್ತು ಗುರು! ಮಿಲ್ಟ್ರಿಯವ್ರು ಒಳಗೇ ಕೂತವ್ರಲ್ಲ, ಹೆಂಗಸ್ರ ಜೊತೆ!”

ಚಾಟಿಯೇಟು ಬಿದ್ದಂತಾಯಿತು. ಹಿಮದಲ್ಲಿ ಹೂತ ಮಿಲಿಟರಿ ಟ್ರಕ್ಕು ಎತ್ತಿದ ತೋಳು ಅವನದು. ಬಂದೂಕು ಹಿಡಿದೇ ಕೆಳಗಿಳಿದ. ಒಂದು ಕೈಯಲ್ಲಿ ತಳ್ಳಿ ನೋಡಿದ; ಅದು ಬಸ್ಸಿನ ಬೆನ್ನು ಸವರಿದಂತಾಯಿತೇ ಹೊರತು ತಳ್ಳಿದಂತಾಗಲಿಲ್ಲ. ನೆಲದ ಮೇಲಿಡುವಂತಿಲ್ಲ, ಹೆಗಲಿಗೇರಿಸಿದರೆ ಪಕ್ಕದವನ ಕಣ್ಣಿಗೆ ಚುಚ್ಚುತ್ತದೆ. ಮುಂಬಾಗಿಲ ಹತ್ತಿರ ಬಂದರೆ ಒಳಗಿನಿಂದ ಸಿದ್ದಕ್ಕನ ಆ ಎರಡು ಕೈಗಳು ಎಂದಿನಂತೆ ಚಾಚಿಕೊಂಡೇ ಇದ್ದವು. “ಕೊಡೀ ಅತ್ಲಾಗೆ! ಈ ಮೂದೇವಿ ಬಸ್ಸು ಮದ್ಲು ಒರಡ್ಲಿ!”

ಒಂದು ನಿಮಿಷದ ಮಾತು, ಎಂದುಕೊಂಡ ಚನ್ನವೀರಪ್ಪ. ಕೊಟ್ಟುಬಿಟ್ಟ.

ಆಮೇಲೆ ಹಿಂದಕ್ಕೆ ಹೋಗಿ ಹೆಗಲು ಕೊಟ್ಟನೋ ಇಲ್ಲವೋ, ಬಸ್ಸು ಕರೀ ಹೊಗೆಯನ್ನು ಎಲ್ಲರ ಮುಖಕ್ಕೆ ಉಗಿದು ಹೊರಟೇಬಿಟ್ಟಿತು. ಹೊರಟದ್ದು ನಿಲ್ಲಲಿಲ್ಲ. ನಿಲ್ಲಿಸಿದರೆ ಮತ್ತೆ ಆರಿಹೋಗುತ್ತದೆಂದು ಡ್ರೈವರನಿಗೆ ಭಯ. ಎಳೆಯರು ಓಡಿ ಓಡಿ ಬಾಗಿಲಿಗೆ ಜೋತುಬಿದ್ದರು, ಮಿಕ್ಕವರು ಇನ್ನಷ್ಟು ದೂರ ಓಡಿ ಹೇಗೋ ಹತ್ತಿಕೊಂಡರು. ಚನ್ನವೀರಪ್ಪನೂ ಓಡಿದ. ಮೊಣಕಾಲು ನಾಲ್ಕು ಹೆಜ್ಜೆಗೇ ಕೈಕೊಟ್ಟಿತು. ಮುಂದೆ ಬಸ್ಸು, ಬಸ್ಸಿನೊಳಗೆ ಸಿದ್ದಕ್ಕ, ಸಿದ್ದಕ್ಕನ ಮಡಿಲಲ್ಲಿ ಅವನ ಅನ್ನ. ಧೂಳಿನಲ್ಲಿ ಅವನೊಬ್ಬ ನಿಂತಿದ್ದ.

ಅಯ್ಯೋ ಶಿವನೇ! ಕಣ್ಣ ಮುಂದೆ ಸೀಟಿ ಊದುವ ನಿಂಗಪ್ಪ ಬಂದು ನಿಂತ.

ಎರಕದ ಸಾಮಾನು ಹೇರಿದ ಟೆಂಪೋ ಒಂದು ಬಂತು. ಅಡ್ಡಗಟ್ಟಿ ಹತ್ತಿದ. ಡ್ರೈವರು ಲೋಕೇಶ್ ಎಂಬ ಮಾತಿನಮಲ್ಲ. “ಏನ್ ಬಿಟ್‌ಬಿಟ್ರಿ ಸಾರ್ ಬಸ್ಸಲ್ಲಿ?”

ಬಂದೂಕು ಎನ್ನಲು ನಾಲಿಗೆ ಏಳಲಿಲ್ಲ. “ಕೊಡಿ,” ಎಂದ.

“ಛತ್ರೀನಾ? ಒಂದ್ ಛತ್ರಿಗೆ ಇಷ್ಟೊಂದ್ ಬೆವರ್ತಾ ಇದ್ದೀರಲ್ಲ ಸಾರ್! ಬೆಳ್ಳಿ ಹಿಡೀದಾ?”

“ನಮ್ಮ ಮನಿತನದ್ದು. ಜಲ್ದಿ ಹೊಡೀಯಪಾ.”

ಲೋಕೇಶ ಜಲ್ದಿಯೇ ಹೊಡೆದ, ಆದರೆ ಹಬ್ಬದ ಹಿಂದಿನ ದಿನದ ತುಮಕೂರು ರಸ್ತೆ ಯಾರ ಮಾತು ಕೇಳುತ್ತದೆ? ಲಾರಿಗಳ ಸಂದಿಯಲ್ಲಿ ನುಗ್ಗಿ ಜಾಲಹಳ್ಳಿ ಕ್ರಾಸಿಗೆ ಬರುವ ಹೊತ್ತಿಗೆ ಬಸ್ಸು ಯಾವಾಗಲೋ ಹೋಗಿಯಾಗಿತ್ತು. ಚನ್ನವೀರಪ್ಪ ಕುಂಟುತ್ತ ಆಂಜನೇಯನ ಗುಡಿಗೆ ಓಡಿದ. ಅಲ್ಲಿ ಸಾಲಾಗಿ ಹೂವಿನವರು, ಮುತ್ತಿಕೊಂಡ ಜನ. ಸಿದ್ದಕ್ಕನ ಜಾಗ ಮಾತ್ರ ಖಾಲಿ, ಗೋಣಿತಾಟೂ ಹಾಸಿರಲಿಲ್ಲ. ಪಕ್ಕದವಳನ್ನು ಕೇಳಿದರೆ, “ಇನ್ನೂ ಬಂದಿಲ್ಲ ಕಣಣ್ಣ. ಇಂಥಾ ದಿನ ಎಲ್ಲೋಗಿ ಸತ್ಲೋ!” ಎಂದಳು.

ಇನ್ನೇನು ಉಳಿಯಿತು? ರಾಮಯ್ಯ ಹೆದರಿಕೊಂಡು ಬಂದೂಕನ್ನು ಸ್ಟೇಷನ್ನಿಗೆ ಒಪ್ಪಿಸಿರಬೇಕು. ಸಾಕ್ಷಿಗೆ ಸಿದ್ದಕ್ಕನನ್ನೂ ಅಲ್ಲೇ ಕೂರಿಸಿಕೊಂಡಿರಬೇಕು. ಪೊಲೀಸರು ಫೋನು ಮಾಡುವ ಮೊದಲು ಮ್ಯಾನೇಜರಿಗೆ ತಾನೇ ಹೇಳುವುದು ಮರ್ಯಾದೆ ಎಂದು ಬ್ಯಾಂಕಿನ ಕಡೆ ಹೆಜ್ಜೆ ಹಾಕಿದ. ದಾರಿಯುದ್ದಕ್ಕೂ ಒಂದು ಸುಳ್ಳು ಹೊಂದಿಸಲು ನೋಡಿದ: ಬಂದೂಕು ರಿಪೇರಿಗೆ ಕೊಟ್ಟೇನಿ ಅಂದರೆ? ಮನೆಯಲ್ಲಿ ಮರೆತೆ ಅಂದರೆ? ಮರೆಯಲು ಅದೇನು ಕನ್ನಡಕವೇ? ಸುಳ್ಳಿಗೂ ಅಭ್ಯಾಸ ಬೇಕು, ಅವನಿಗೆ ಅದಿರಲಿಲ್ಲ. ಗೌರಮ್ಮನಿಗೆ ಏನು ಹೇಳುವುದೆಂಬುದನ್ನಂತೂ ಯೋಚಿಸಲೇ ಹೋಗಲಿಲ್ಲ.

ಬ್ಯಾಂಕಿನ ಮುಂದೆ ಗುಂಪು ಸೇರಿತ್ತು. ಪೊಲೀಸರು ಬಂದೇಬಿಟ್ಟರು ಎಂದುಕೊಂಡ. ಜನರನ್ನು ಸರಿಸಿ ನೋಡಿದರೆ, ಗೇಟಿನ ಪಕ್ಕದ ಅವನ ಸ್ಟೂಲಿನ ಮೇಲೆ ಸಿದ್ದಕ್ಕ ಕಾಲು ಅಗಲಿಸಿ ಕೂತಿದ್ದಾಳೆ. ಖಾಕಿ ಚೀಲ ಅವಳ ಮಡಿಲಲ್ಲಿ ಅಡ್ಡಡ್ಡ. ಎರಡೂ ಕೈ ಅದನ್ನು ತಬ್ಬಿಕೊಂಡಿವೆ. ಎದುರಿಗೆ ಮ್ಯಾನೇಜರ್ ರುದ್ರೇಶ್ ನಿಂತಿದ್ದಾರೆ, ಬೆವರುತ್ತ.

“ನೋಡಮ್ಮಾ, ನಾನು ಈ ಬ್ಯಾಂಕಿನ ಮ್ಯಾನೇಜರ್. ಅದನ್ನ ನನ್ನ ಕೈಗೆ ಕೊಡಿ.”

“ಮೇನೇಜರ್ರಾದ್ರೆ ಒಳ್ಳೇದಾಯ್ತು, ಒಳೀಕೋಗಿ ಕುಂತ್ಕಳಿ. ಇದು ನಿಮ್ದಾ? ಅಲ್ವಲ್ಲ. ನನ್ ಮಡ್ಲಿಗೆ ಮಡಗ್ದೋರು ಬತ್ತಾರೆ, ಅವ್ರ ಕೈಗೇ ಕೊಡ್ತೀನಿ.”

“ಪೊಲೀಸ್‌ಗೆ ಫೋನ್ ಮಾಡ್ತೀನಿ ನೋಡಿ!”

“ಮಾಡ್ಕಳಿ. ಅವ್ರು ಬಂದ್ರೂ ಇದ್ನೇ ಯೋಳ್ತೀನಿ.”

ಹೇಳುವಾಗ ಅವಳು ಎಡಕ್ಕೆ ತಿರುಗಿದರೆ ಚೀಲದ ತುದಿಯೂ ತಿರುಗುತ್ತಿತ್ತು, ರುದ್ರೇಶ್ ಬಲಕ್ಕೆ ಹಾರುತ್ತಿದ್ದರು. ಬಲಕ್ಕೆ ತಿರುಗಿದರೆ ಎಡಕ್ಕೆ. ಹಿಂದೆ ನಿಂತ ಕ್ಯಾಷಿಯರ್ ಭಾಗ್ಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. ಗಿರಾಕಿಗಳಲ್ಲಿ ಯಾರಿಗೂ ಒಳಗೆ ಹೋಗುವ ಅವಸರವಿರಲಿಲ್ಲ.

ಚನ್ನವೀರಪ್ಪನನ್ನು ಕಂಡದ್ದೇ ಸಿದ್ದಕ್ಕ ಗುಡುಗಿದಳು. “ಈಗ ಬಂದ್ರಾ ಸಾಮೀ? ತಗಳಿ ನಿಮ್ ಕಂಬಾನ! ತೊಡೆ ಜೋಮಿಡ್ದು ಓಯ್ತು.”

ಚೀಲ ಕೈಗೆ ಬಂತು. ಲಾಡಿಯ ಗಂಟು ಅವನು ಹಾಕಿದ್ದು ಹಾಕಿದಂತೆಯೇ ಇತ್ತು. ಮ್ಯಾನೇಜರು ಒಳಗೆ ಕರೆದರು.

ಒಳಗೆ ಚನ್ನವೀರಪ್ಪ ಅಟೆನ್ಷನ್ನಿನಲ್ಲಿ ನಿಂತು ಎಲ್ಲವನ್ನೂ ಒಪ್ಪಿಸಿದ. ಬಸ್ಸು ಕೆಟ್ಟದ್ದು, ಇಳಿದದ್ದು, ಕೊಟ್ಟದ್ದು. “ತಪ್ಪು ನಂದೈತ್ರಿ ಸಾಹೇಬ್ರ.”

“ಲೋಡ್ ಆಗಿತ್ತೇನ್ರೀ?”

“ಇಲ್ರೀ. ತೋಟಾ ಎಲ್ಲಾ ಇಲ್ಲೇ ನನ್ನ ಸೊಂಟದಾಗ ಅದಾವು.”

ರುದ್ರೇಶ್ ಸ್ವಲ್ಪ ಉಸಿರು ಬಿಟ್ಟರು. ಆದರೂ ಹೊರಗೆ ಆದ ಅವಮಾನ ಇನ್ನೂ ಕಿವಿಯಲ್ಲಿ ಕೆಂಪಗಿತ್ತು. “ಗನ್‌ಮ್ಯಾನ್ ಕೈಲಿ ಗನ್ ಇಲ್ಲ ಅಂದ್ರೆ ಏನ್ರೀ ಅರ್ಥ? ಮೇಲಿನೋರಿಗೆ ಬರೀಲೇಬೇಕು. ಬರೆದ್ರೆ ನಿಮ್ಮ ಕೆಲ್ಸ ಉಳಿಯಲ್ಲ, ಗೊತ್ತಲ್ಲ?”

“ಗೊತ್ತೈತ್ರಿ.”

ರುದ್ರೇಶ್ ಕಾಗದ ಎಳೆದುಕೊಂಡು ಬರೆಯತೊಡಗಿದರು. ಚನ್ನವೀರಪ್ಪ ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿಯನ್ನು ನೋಡುತ್ತ ನಿಂತ. ಒಂದೆರಡು ಸಾಲಾದ ಮೇಲೆ ಪೆನ್ನು ನಿಂತಿತು. “‘ಬಂದೂಕು ಒಬ್ಬ ಹೂ ಮಾರುವ ಹೆಂಗಸಿನ ವಶದಲ್ಲಿತ್ತು. ಶಾಖೆಯ ವ್ಯವಸ್ಥಾಪಕರು ಅದನ್ನು ಕೇಳಿದಾಗ ಆಕೆ...’ ಆಕೆ ಏನಂದ್ರು?”

“‘ಒಳೀಕೋಗಿ ಕುಂತ್ಕಳಿ’ ಅಂದ್ರು ಸಾರ್,” ಎಂದರು ಬಾಗಿಲಲ್ಲಿದ್ದ ಭಾಗ್ಯಮ್ಮ.

“ಆಮೇಲೆ ವ್ಯವಸ್ಥಾಪಕರು ಏನು ಮಾಡಿದ್ರು?”

“ಆ ಕಡೆ ಈ ಕಡೆ ಹಾರಿದ್ರು ಸಾರ್.”

ರುದ್ರೇಶ್ ಬರೆದದ್ದನ್ನು ಒಮ್ಮೆ ಓದಿಕೊಂಡರು. ಮೇಲಿನ ಆಫೀಸಿನಲ್ಲಿ ಇದನ್ನು ಓದಿ ಯಾರು ಯಾರು ಹೊಟ್ಟೆ ಹಿಡಿದುಕೊಳ್ಳುತ್ತಾರೆಂದು ಅವರಿಗೆ ಒಬ್ಬೊಬ್ಬರ ಮುಖವೂ ಕಾಣಿಸಿರಬೇಕು. ಕಾಗದವನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. ಬಿಗುಮಾನ ಮಾಡಲು ಹೋಗಿ ತಾವೇ ನಕ್ಕುಬಿಟ್ಟರು. “ಹೋಗ್ರಿ, ಗೇಟ್ ಹತ್ರ ನಿಂತ್ಕೊಳ್ರಿ. ಇನ್ಮೇಲೆ ಬಸ್ಸು ಕೆಟ್ರೆ ನೀವು ಒಳಗೇ ಕೂತಿರ್ಬೇಕು. ಊರೆಲ್ಲ ಬೈದ್ರೂ ಸರಿ, ಇಳೀಬಾರ್ದು.”

ಚನ್ನವೀರಪ್ಪ ಹೊಡೆದ ಸೆಲ್ಯೂಟಿಗೆ ಮೇಜಿನ ಮೇಲಿನ ಕಾಗದಗಳು ಅಲುಗಿದವು. ಹೊರಗೆ ಬಂದರೆ ಸಿದ್ದಕ್ಕ ಗೇಟಿನ ಬಳಿ ಕೂತು, ಭಾಗ್ಯಮ್ಮ ಕೊಡಿಸಿದ ಟೀ ಊದಿ ಊದಿ ಕುಡಿಯುತ್ತಿದ್ದಳು.

“ಏನಂದ ನಿಮ್ ಮೇನೇಜರು? ಉಳೀತಾ ಕ್ಯಲ್ಸ?”

“ಉಳೀತ್ರೀ ಯವ್ವಾ.” ಚನ್ನವೀರಪ್ಪ ಚೀಲವನ್ನು ಎದೆಗೊತ್ತಿಕೊಂಡ. “ಸ್ಟೇಷನ್‌ಗೆ ಕೊಡದ ಇಲ್ಲಿಗ್ಯಾಕ ತಂದ್ರಿ?”

“ಆ ರಾಮಯ್ಯ ಟೇಸನ್ಗೇ ಕೊಡಾನಾ ಅಂದ. ಟೇಸನ್ ಒಳೀಕೋದುದ್ದು ಈಚೆಗೆ ಬಂದಂಗೇಯಾ! ನಿಮ್ ಬ್ಯಾಂಕು ಗೊತ್ತಿತ್ತು, ನಡ್ಕಂಡ್ ಬಂದೆ. ದಾರೀಲಿ ಒಂದು ನಾಯಿ ಸೈತ ಅಡ್ಡ ಬರ್ಲಿಲ್ಲ.”

ಆಗ ಅವನಿಗೆ ಏನೋ ಕೊರತೆ ಕಂಡಿತು. ಸ್ಟೂಲಿನ ಕೆಳಗೆ ನೋಡಿದ, ಅವಳ ಆಚೆ ನೋಡಿದ. “ನಿಮ್ಮ ಹೂವಿನ ಪುಟ್ಟಿ ಎಲ್ರೀ?”

“ಬಸ್ನಾಗೇ ಓಯ್ತು.” ಸಿದ್ದಕ್ಕ ಟೀ ಮುಗಿಸಿ ಲೋಟ ಕೆಳಗಿಟ್ಟಳು. “ನಿಮ್ ಕಂಬ ಇಡಿಯಕ್ಕೇ ಎಲ್ಡು ಕೈ ಬೇಕಾಯ್ತು. ಪುಟ್ಟಿ ಎಂಗೆ ಒತ್ಕಳ್ಳಿ? ಅದ್ಕೂ ಇದ್ಕೂ ನಂಗೇನ್ ನಾಕ್ ಕೈ ಅವಾ?”

ವರ್ಷಕ್ಕೊಮ್ಮೆ ಹೂವಿನವಳು ಹೇಳಿದ್ದೇ ಬೆಲೆಯಾಗುವ ದಿನ ಅದು. ಅಂಥ ದಿನದ ತುಂಬಿದ ಪುಟ್ಟಿ, ಮಲ್ಲಿಗೆ, ಕನಕಾಂಬರ, ಹಿಂದಿನ ದಿನವೆಲ್ಲ ಕೂತು ಕಟ್ಟಿದ ಮಾಲೆಗಳು, ಮೆಜೆಸ್ಟಿಕ್ಕಿನ ಕಡೆ ಹೊರಟುಹೋಗಿದ್ದವು. ಚನ್ನವೀರಪ್ಪನ ಕೈ ಜೇಬಿಗೆ ಹೋಯಿತು. ಸಿದ್ದಕ್ಕ ಕೆರಳಿದಳು. “ಕಾಸು ತಗುದ್ರೆ ನೋಡಿ ಮತ್ತೆ! ಮಡ್ಲಾಗೆ ಸಾಮಾನು ಮಡೀಕಂಡಿದ್ಕೆ ಯಾರಾನಾ ಕೂಲಿ ತಗತಾರಾ?”

“ಅಲ್ರೀ ಯವ್ವಾ, ಹಬ್ಬದ ಯಾಪಾರ...”

“ಊವು ನಾಳೇನೂ ಅರಳ್ತದೆ, ನಾಳಿದ್ದೂ ಅರಳ್ತದೆ. ನಿಮ್ ಈ ಕ್ಯಲ್ಸ ಓದ್ರೆ, ಈ ವಯಸ್ನಾಗೆ ಇನ್ನೊಂದು ಯಾವನ್ ಕೊಡ್ತಾನೆ ಸಾಮೀ?” ಎಂದು ಮೊಣಕಾಲು ಹಿಡಿದುಕೊಂಡು ಎದ್ದು, ಸೆರಗು ಕೊಡವಿಕೊಂಡು, ಬರಿಗೈಯಲ್ಲಿ ರಸ್ತೆಯ ಕಡೆ ನಡೆದಳು.

ಡ್ಯೂಟಿಯಲ್ಲಿರುವವನು ಬೀಡಿ ಸೇದಬಾರದು, ತೂಕಡಿಸಬಾರದು, ಹರಟಬಾರದು ಎಂದು ಪಲ್ಟನ್ನಿನಲ್ಲಿ ಹೇಳಿಕೊಟ್ಟಿದ್ದರು. ಅಳಬಾರದು ಎಂದು ಯಾರೂ ಹೇಳಿರಲಿಲ್ಲ. ಚನ್ನವೀರಪ್ಪ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನೆಟ್ಟಗೆ ನಿಂತು, ಹೋಗುವವರು ಬರುವವರು ನೋಡುತ್ತಿದ್ದಂತೆಯೇ ಅತ್ತುಬಿಟ್ಟ.